ಸ್ಟಾಕ್ ಇಳಿಸಿದ ಮೇಲೆ ಮಾಲು ನಿಂತರೆ ಗತಿಯೇನು?

ಓದುಗರ ಪ್ರಶ್ನೆ: ನಮ್ಮ ಕಾರ್ಖಾನೆಯಲ್ಲಿ ಲೀನ್ ಪದ್ಧತಿ ತರಬೇಕು, ಸ್ಟಾಕ್ ಇಳಿಸಬೇಕು ಅಂತ ಮೇಲಿನವರು ಹೇಳುತ್ತಿದ್ದಾರೆ. ನನಗೆ ಭಯ. ಸ್ಟಾಕ್ ಇಳಿಸಿದ ಮೇಲೆ ಒಬ್ಬ ಸಪ್ಲೈಯರ್ ಕೈಕೊಟ್ಟರೂ ಲೈನ್ ನಿಲ್ಲುತ್ತದೆ, ಅಲ್ವಾ? ಲೀನ್ ಮಾಡಿದರೆ ಅಪಾಯ ಕಡಿಮೆಯಾಗುತ್ತದೋ, ಜಾಸ್ತಿಯಾಗುತ್ತದೋ?

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಬರೀ ಸ್ಟಾಕ್ ಇಳಿಸಿ ಕೈತೊಳೆದುಕೊಂಡರೆ ಅಪಾಯ ಖಂಡಿತ ಜಾಸ್ತಿಯಾಗುತ್ತದೆ. ಆದರೆ ಅಷ್ಟನ್ನೇ ಲೀನ್ ಅನ್ನುವುದು ತಪ್ಪು. ಲೀನ್ ಅಂದರೆ ಕೆಲಸದಲ್ಲಿ ವ್ಯರ್ಥವಾಗುವುದನ್ನೆಲ್ಲ ಕಡಿಮೆ ಮಾಡುವ ಪದ್ಧತಿ. ಟೊಯೋಟಾದಲ್ಲಿ ತೈಇಚಿ ಓನೋ ಈ ಪದ್ಧತಿಯನ್ನು ಕಟ್ಟಿದಾಗ ಅದಕ್ಕೆ ಎರಡು ಕಂಬ ಇದ್ದವು. ಒಂದು, ಬೇಕಾದದ್ದು ಬೇಕಾದಾಗ ಬೇಕಾದಷ್ಟೇ ಬರುವುದು. ಇನ್ನೊಂದು, ತಪ್ಪು ಕಂಡ ಕೂಡಲೇ ಕೆಲಸ ನಿಲ್ಲಿಸಿ ಅದರ ಬುಡಕ್ಕೆ ಹೋಗುವುದು. ತುಂಬ ಕಡೆ ಮೊದಲನೆಯದನ್ನು ಮಾತ್ರ ತಂದರು, ಎರಡನೆಯದನ್ನು ಬಿಟ್ಟರು. ಕೈಸುಟ್ಟುಕೊಂಡವರಲ್ಲಿ ಹೆಚ್ಚಿನವರ ಕಥೆ ಇದೇ.

ನಿಜವಾಗಿ ಕೇಳಬೇಕಾದ ಪ್ರಶ್ನೆ "ಸ್ಟಾಕ್ ಎಷ್ಟಿದೆ?" ಅಲ್ಲ. "ಯಾವ ಸ್ಟಾಕ್ ಎಲ್ಲಿದೆ, ಅದು ಎಷ್ಟು ದಿನ ಕಾಯುತ್ತದೆ?" ಅಂತ ಕೇಳಬೇಕು.

ಯಾವ ಸ್ಟೋರ್‌ಗಾದರೂ ಒಮ್ಮೆ ಹೋಗಿ ನೋಡಿ. ರ‍್ಯಾಕ್‌ಗಳು ತುಂಬಿರುತ್ತವೆ. ಓಡಾಡಲು ಜಾಗ ಇರುವುದಿಲ್ಲ. ಆದರೂ ಲೈನ್‌ನವರು ಬಂದು ಕೇಳಿದ ಆ ಒಂದು ಐಟಂ ಮಾತ್ರ ಇರುವುದಿಲ್ಲ. ಎರಡು ವರ್ಷದ ಹಿಂದೆ ಜಾಸ್ತಿ ತಂದ ಬೋಲ್ಟ್ ಧೂಳು ತಿನ್ನುತ್ತಿರುತ್ತದೆ, ಇವತ್ತು ಬೇಕಾದ ವಾಷರ್ ನಾಳೆ ಬರುತ್ತದೆ. ಸ್ಟಾಕ್ ಜಾಸ್ತಿ ಇದ್ದ ಮಾತ್ರಕ್ಕೆ ಭದ್ರತೆ ಬರುವುದಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಸ್ಟಾಕ್ ರೋಗವನ್ನು ಮುಚ್ಚಿಡುತ್ತದೆ. ಒಬ್ಬ ಸಪ್ಲೈಯರ್ ಪ್ರತಿ ಸಲ ನಾಲ್ಕು ದಿನ ತಡ ಮಾಡುತ್ತಾನೆ ಅನ್ನಿ. ನಿಮ್ಮಲ್ಲಿ ಎರಡು ತಿಂಗಳ ಮಾಲು ಇದ್ದರೆ ಆ ತಡ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನ ಮೆಷಿನ್ ಸವೆದಿದೆ, ಅವನಿಗೆ ಕಚ್ಚಾ ಮಾಲು ಕೊಡುವವನು ತೊಂದರೆಯಲ್ಲಿದ್ದಾನೆ ಅನ್ನುವ ಸುಳಿವು ಆ ನಾಲ್ಕು ದಿನದಲ್ಲೇ ಇತ್ತು. ನೀವು ನೋಡಲಿಲ್ಲ. ಮುಂದೊಂದು ದಿನ ಅವನು ಪೂರ್ತಿ ನಿಂತಾಗ ನಿಮಗದು ಆಕಾಶದಿಂದ ಬಿದ್ದ ಸಿಡಿಲು. ಸ್ಟಾಕ್ ಕಡಿಮೆ ಇದ್ದರೆ ಮೊದಲ ತಡವೇ ನೋಯಿಸುತ್ತದೆ. ನೋವಾದರೆ ಫೋನ್ ಹೋಗುತ್ತದೆ, ಯಾರಾದರೂ ಹೋಗಿ ನೋಡಿ ಬರುತ್ತಾರೆ.

ದೊಡ್ಡ ಲಾಟ್‌ನಲ್ಲಿ ಮಾಲು ತರಿಸಿದರೂ ಇದೇ ಗತಿ. 5000 ತುಂಡು ಒಟ್ಟಿಗೆ ಬಂದಿದೆ, ಅಳತೆಯಲ್ಲಿ ತಪ್ಪಿದೆ, ಆರು ವಾರ ಬಿಟ್ಟು ಲೈನ್‌ಗೆ ಹೋದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಸಪ್ಲೈಯರ್ ಅದೇ ತಪ್ಪಿನಲ್ಲಿ ಇನ್ನೊಂದು ಲಾಟ್ ಮುಗಿಸಿರುತ್ತಾನೆ. ಲೆಕ್ಕದಲ್ಲಿ 5000, ಕೈಯಲ್ಲಿ ಸೊನ್ನೆ. ವಾರಕ್ಕೊಂದು ಚಿಕ್ಕ ಲಾಟ್ ಬರುತ್ತಿದ್ದರೆ ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ. ಕೆಲಸದ ನಡುವೆ ಇರುವ ಮಾಲನ್ನು ದಿನದ ಉತ್ಪಾದನೆಯಿಂದ ಭಾಗಿಸಿದರೆ ಒಂದು ತುಂಡು ಒಳಗೆ ಬಂದು ಹೊರಗೆ ಹೋಗಲು ಸರಾಸರಿ ಎಷ್ಟು ದಿನ ಬೇಕು ಅಂತ ಸಿಗುತ್ತದೆ. ದಿನಕ್ಕೆ 50 ಪಂಪ್ ಮಾಡುವ ಕಡೆ 600 ಪಂಪ್ ಅರ್ಧಂಬರ್ಧ ಕೂತಿದ್ದರೆ 12 ದಿನ. ಅದನ್ನು 200ಕ್ಕೆ ಇಳಿಸಿದರೆ 4 ದಿನ. ಒಂದು ಭಾಗ ಸಿಗದೆ ಬದಲಿ ಭಾಗಕ್ಕೆ ಡಿಸೈನ್ ತಿದ್ದಿದಿರಿ ಅನ್ನಿ. ಆ ತಿದ್ದುಪಡಿ ಗ್ರಾಹಕನ ಕೈಗೆ ಹೋಗಲು ಒಂದು ಕಡೆ 12 ದಿನ, ಇನ್ನೊಂದು ಕಡೆ 4 ದಿನ. ಲೀನ್ ಮೊದಲು ಕೊಡುವುದು ಈ ಚುರುಕನ್ನು.

ಹಾಗಂತ ಅದೇ ಸಾಕೇ? ಸಾಲದು. 1997ರ ಫೆಬ್ರವರಿ 1ರ ಬೆಳಗಿನ ಜಾವ ಜಪಾನಿನ ಕರಿಯಾದಲ್ಲಿದ್ದ ಐಸಿನ್ ಸೇಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ಬ್ರೇಕ್‌ಗೆ ಬೇಕಾದ ಪಿ-ವಾಲ್ವ್ ತಯಾರಾಗುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಭಾಗ, ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕ್ ಒತ್ತಡವನ್ನು ಹದದಲ್ಲಿಡುತ್ತದೆ. ಟೊಯೋಟಾ ಅದಕ್ಕೆ ಹೆಚ್ಚುಕಡಿಮೆ ಪೂರ್ತಿಯಾಗಿ ಆ ಒಂದೇ ಜಾಗವನ್ನು ನೆಚ್ಚಿತ್ತು. ಕೈಯಲ್ಲಿದ್ದ ಸ್ಟಾಕ್ ತೀರಾ ಕಡಿಮೆ. ಕೆಲವೇ ದಿನಗಳಲ್ಲಿ ಜಪಾನಿನಲ್ಲಿದ್ದ ಟೊಯೋಟಾ ಕಾರ್ಖಾನೆಗಳು ಒಂದೊಂದಾಗಿ ನಿಂತವು.

ನಿಮ್ಮ ಭಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಕಥೆಯ ಉಳಿದರ್ಧ ಕೇಳಿ. ಬೆಂಕಿ ಇನ್ನೂ ಆರುವ ಮೊದಲೇ ಫೋನ್‌ಗಳು ಶುರುವಾದವು. ಐಸಿನ್ ತನ್ನ ನಕ್ಷೆಗಳನ್ನು ಬೇರೆಯವರಿಗೆ ಕೊಟ್ಟಿತು. ಆ ವಾಲ್ವನ್ನು ಯಾವತ್ತೂ ಮಾಡದ ಹತ್ತಾರು ಕಂಪನಿಗಳು ತಮ್ಮಲ್ಲಿದ್ದ ಮೆಷಿನ್‌ಗಳಲ್ಲೇ ಅದನ್ನು ಮಾಡಲು ನಿಂತವು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕೂಡ ಅದರಲ್ಲಿತ್ತು. ಮೂರು ನಾಲ್ಕು ದಿನಕ್ಕೆ ಮೊದಲ ವಾಲ್ವ್‌ಗಳು ಬಂದವು. ಬೆಂಕಿ ಬಿದ್ದು ಹೆಚ್ಚುಕಡಿಮೆ ಒಂದು ವಾರಕ್ಕೆ ಟೊಯೋಟಾ ಮತ್ತೆ ಓಡುತ್ತಿತ್ತು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಸಿಗುವುದಿಲ್ಲ ಅಂತಾರಲ್ಲ, ಅವರಿಗೆ ಸಿಕ್ಕಿತು. ಯಾಕೆಂದರೆ ಬಾವಿ ಮೊದಲೇ ಇತ್ತು. ಸಪ್ಲೈಯರ್‌ಗಳ ಜೊತೆ ವರ್ಷಗಟ್ಟಲೆ ಕೂತು ತೊಂದರೆ ಬಿಡಿಸಿದ ಅಭ್ಯಾಸವೇ ಆ ಬಾವಿ. ದರ ಇಳಿಸು ಅನ್ನುವುದಕ್ಕೆ ಮಾತ್ರ ಫೋನ್ ಮಾಡುವ ಕಂಪನಿಗೆ ಬೆಂಕಿ ಬಿದ್ದ ದಿನ ಯಾರು ಓಡಿ ಬರುತ್ತಾರೆ? ಇದನ್ನು ನಾನು ತುಂಬ ಮನಸ್ಸಿಟ್ಟು ಹೇಳುತ್ತಿದ್ದೇನೆ. ಲೀನ್ ಹೆಸರಿನಲ್ಲಿ ಸಪ್ಲೈಯರ್‌ನ ಗೋದಾಮಿಗೆ ನಮ್ಮ ಸ್ಟಾಕ್ ತಳ್ಳಿ, ಹಣ ಮೂರು ತಿಂಗಳು ತಡ ಮಾಡಿ ಕೊಟ್ಟರೆ ಅಪಾಯ ಎಲ್ಲೂ ಹೋಗುವುದಿಲ್ಲ. ನಮಗೆ ಕಾಣದ ಜಾಗಕ್ಕೆ ಹೋಗಿ ಕೂರುತ್ತದೆ, ಅಷ್ಟೇ.

ಈಗ ನಿಮ್ಮ ಕೈಗೆ ಬರುವ ಲೆಕ್ಕಕ್ಕೆ ಬರೋಣ. ಪ್ರತಿ ಭಾಗಕ್ಕೂ ಎರಡು ಅಂಕಿ ಬೇಕು. ಅದು ಬರುವುದು ನಿಂತರೆ ಇರುವ ಸ್ಟಾಕ್‌ನಲ್ಲಿ ಎಷ್ಟು ದಿನ ಓಡಬಹುದು, ಇದು ಒಂದು. ಮತ್ತೆ ಬರಲು ಎಷ್ಟು ದಿನ ಹಿಡಿಯುತ್ತದೆ, ಇದು ಎರಡು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡೇವಿಡ್ ಸಿಮ್ಚಿ-ಲೇವಿ ಈ ಎರಡು ಅಂಕಿಗಳನ್ನು ಹಿಡಿದು ಫೋರ್ಡ್ ಕಂಪನಿಯ ಇಡೀ ಸರಬರಾಜು ಜಾಲವನ್ನು ಅಳೆಯುವ ವಿಧಾನ ಕಟ್ಟಿದರು. ನಿಮಗೆ ಅಷ್ಟು ದೊಡ್ಡ ಸಾಫ್ಟ್‌ವೇರ್ ಬೇಡ, ಒಂದು ಹಾಳೆ ಸಾಕು.

ಅದೇ ಪಂಪ್ ತಗೊಳ್ಳಿ. ಅದರೊಳಗೆ ಒಂದು ರಬ್ಬರ್ ಸೀಲ್ ಇದೆ, ಪಂಪ್‌ಗೆ ಒಂದು. ದಿನಕ್ಕೆ 50 ಬೇಕು. ಸ್ಟೋರ್‌ನಲ್ಲಿ 400 ಇದೆ, ಅಂದರೆ 8 ದಿನ ಓಡುತ್ತದೆ. ಸೀಲ್ ಮಾಡುವವನ ಹತ್ತಿರ ಇರುವುದು ಒಂದೇ ಅಚ್ಚು. ಅದು ಒಡೆದರೆ ಹೊಸ ಅಚ್ಚು ಮಾಡಿಸಿ, ಪರೀಕ್ಷೆ ಮಾಡಿ, ಒಳ್ಳೆ ಸೀಲ್ ಗೇಟಿಗೆ ಬರಲು 21 ದಿನ. ಅಂದರೆ 13 ದಿನ ನಿಮ್ಮ ಲೈನ್ ನಿಂತಿರುತ್ತದೆ. ಒಂದು ಪೆಟ್ಟಿಗೆಯಲ್ಲಿ ಹಿಡಿಯುವ ಸೀಲ್‌ಗಾಗಿ 650 ಪಂಪ್ ಹೋಯಿತು.

ಅದೇ ಹೊತ್ತಿಗೆ ಎರಕದ ಬಾಡಿ 60 ದಿನಕ್ಕಾಗುವಷ್ಟು ಅಂಗಳದಲ್ಲಿ ಬಿದ್ದಿದೆ. ಭಾರದ್ದು, ಬೆಲೆಯದ್ದು, ಕಣ್ಣು ತುಂಬುವಂಥದ್ದು. ಆದರೆ ಆ ಬಾಡಿಯನ್ನು ಎರಡು ಫೌಂಡ್ರಿಗಳು ಮಾಡುತ್ತವೆ. ಒಬ್ಬರು ನಿಂತರೆ ಇನ್ನೊಬ್ಬರು 5 ದಿನದಲ್ಲಿ ಕೊಡುತ್ತಾರೆ. 60 ದಿನದ ಸ್ಟಾಕ್ ಯಾಕೆ ಬೇಕು? ಅದನ್ನು 10 ದಿನಕ್ಕೆ ಇಳಿಸಿ. ಬಿಡುವಾದ ಹಣದ ಸಣ್ಣ ಚೂರಿನಲ್ಲಿ ಇನ್ನೊಂದು 650 ಸೀಲ್ ತರಿಸಿ. ಒಟ್ಟು ಸ್ಟಾಕ್‌ನ ಬೆಲೆ ಇಳಿಯಿತು, ಅಪಾಯವೂ ಇಳಿಯಿತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಎರಡು ಭಾಗಗಳ ನಡುವೆ ಇದೆ.

ಇನ್ನೂ ಒಳ್ಳೆಯ ದಾರಿ ಅಂದರೆ ಆ 21 ದಿನವನ್ನೇ ಮುರಿಯುವುದು. ಎರಡನೇ ಅಚ್ಚು ಈಗಲೇ ಮಾಡಿಸಿ ಇಡಿಸಿದರೆ, ಅಥವಾ ಇನ್ನೊಬ್ಬರ ಸೀಲ್ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟಿದ್ದರೆ, 21 ದಿನ 10 ಆಗಬಹುದು. ಆಗ 2 ದಿನದ ಕೊರತೆಗೆ 100 ಸೀಲ್ ಜಾಸ್ತಿ ಇಟ್ಟರೆ ಸಾಕು. ಎರಡನೆಯವರಿಗೆ ಸುಮ್ನೆ ಹೆಸರಿಗೆ ಒಪ್ಪಿಗೆ ಕೊಟ್ಟು ಬಿಡಬೇಡಿ. ಹತ್ತರಲ್ಲಿ ಒಂದೆರಡು ಪಾಲಾದರೂ ಅವರಿಂದ ತರಿಸುತ್ತಿರಿ. ವರ್ಷದಿಂದ ಒಂದು ಆರ್ಡರೂ ಕೊಡದವರ ಹತ್ತಿರ ತುರ್ತಿನಲ್ಲಿ ಹೋದರೆ ಅವರು ತಮ್ಮ ಖಾಯಂ ಗಿರಾಕಿಯನ್ನೇ ಮೊದಲು ನೋಡುತ್ತಾರೆ. ತಪ್ಪೇನೂ ಇಲ್ಲ.

ಇಟ್ಟ ಆ ಹೆಚ್ಚುವರಿ ಸೀಲ್‌ಗಳನ್ನು ನೋಡಿಕೊಳ್ಳುವುದೂ ಒಂದು ಕೆಲಸ. ದಿನದ ಬಳಕೆಗೆ ಎರಡು ಡಬ್ಬಿ ಇರಲಿ. ಮೊದಲನೆಯದು ಖಾಲಿಯಾದರೆ ಅದರ ಕಾರ್ಡ್ ಹೊಸ ಆರ್ಡರ್ ಆಗಿ ಹೋಗುತ್ತದೆ, ಅಲ್ಲಿಯವರೆಗೆ ಎರಡನೆಯದು ಓಡುತ್ತದೆ. ಕಾನ್‌ಬಾನ್ ಅಂದರೆ ಇಷ್ಟೇ. ಕಾರ್ಡ್ ಮೇಲೆ ಭಾಗದ ನಂಬರ್, ಡಬ್ಬಿಯಲ್ಲಿ ಎಷ್ಟು, ಎಲ್ಲಿಂದ ಬರಬೇಕು, ಯಾವ ರ‍್ಯಾಕ್‌ಗೆ ಹೋಗಬೇಕು ಅಂತ ಬರೆದಿದ್ದರೆ ಸಾಕು. ಆಪತ್ತಿನ ಪೆಟ್ಟಿಗೆ ಮಾತ್ರ ಬೇರೆ, ಕೆಂಪು ಬಣ್ಣದ್ದು, ಕೇಳದೆ ತೆಗೆಯುವಂತಿಲ್ಲ. ಆದರೆ ಅದರೊಳಗಿನ ಮಾಲು ಅಲ್ಲೇ ಕೊಳೆಯಬಾರದು. ರಬ್ಬರ್ ಹಳೆಯದಾದರೆ ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ. ಹೊಸ ಲಾಟ್ ಬಂದಾಗಲೆಲ್ಲ ಹೊಸದನ್ನು ಕೆಂಪು ಪೆಟ್ಟಿಗೆಗೆ ಹಾಕಿ, ಅಲ್ಲಿನ ಹಳೆಯದನ್ನು ಲೈನ್‌ಗೆ ಕಳಿಸಿ. ಈ ಅದಲು ಬದಲು ಮರೆತರೆ ಬೇಕಾದ ದಿನ ಪೆಟ್ಟಿಗೆ ತುಂಬಿರುತ್ತದೆ, ಸೀಲ್ ಸೋರುತ್ತದೆ.

ಟೊಯೋಟಾ ಕೂಡ ಇದೇ ದಾರಿಗೆ ಬಂತು. 2011ರ ಮಾರ್ಚ್ 11ರ ಭೂಕಂಪ, ಸುನಾಮಿ ಆದ ಮೇಲೆ ಅದು ತನ್ನ ಸಪ್ಲೈಯರ್‌ಗಳ ಹಿಂದೆ ಯಾರಿದ್ದಾರೆ, ಅವರ ಹಿಂದೆ ಯಾರು ಅಂತ ಪಟ್ಟಿ ಮಾಡಿತು. ಬೇಗ ಮಾಡಿಸಲಾಗದ ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗೆ ಆಗುವಷ್ಟು ಇಟ್ಟುಕೊಳ್ಳಿ ಅಂತ ಸಪ್ಲೈಯರ್‌ಗಳಿಗೆ ಹೇಳಿತು. 2021ರ ಶುರುವಿನಲ್ಲಿ ಚಿಪ್ ಸಿಗದೆ ಬೇರೆ ಕಂಪನಿಗಳ ಲೈನ್‌ಗಳು ನಿಲ್ಲುತ್ತಿದ್ದಾಗ ಟೊಯೋಟಾ ತುಂಬ ಕಾಲ ಓಡಿತು. ಕೊರತೆ ಮುಗಿಯದೆ ಎಳೆದಾಗ, ಅದೇ ವರ್ಷದ ಸೆಪ್ಟೆಂಬರ್‌ಗೆ ಹಾಕಿಕೊಂಡಿದ್ದ ಉತ್ಪಾದನೆಯಲ್ಲಿ ಸುಮಾರು ಶೇ. 40ರಷ್ಟು ಇಳಿಸಬೇಕಾಯಿತು. ಸ್ಟಾಕ್ ಕೊಡುವುದು ಸಮಯವನ್ನು ಮಾತ್ರ. ಆ ಸಮಯದಲ್ಲಿ ನಾವು ಏನು ಮಾಡುತ್ತೇವೆ ಅನ್ನುವುದು ಬೇರೆ ವಿಷಯ.

ಅದಕ್ಕೆ ಇನ್ನೊಂದು ಬೆಂಕಿಯ ಕಥೆ ಇದೆ. 2000ದ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಗೆ ಸಿಡಿಲಿನಿಂದ ಬೆಂಕಿ ಹತ್ತಿತು. ಹತ್ತು ನಿಮಿಷದಲ್ಲಿ ಆರಿತು. ಆದರೆ ಹೊಗೆ, ನೀರು ಸೇರಿ ಚಿಪ್ ಮಾಡುವ ಶುದ್ಧ ಕೋಣೆಗಳು ಹಾಳಾದವು. ಮೊಬೈಲ್ ಫೋನ್ ಮಾಡುತ್ತಿದ್ದ ನೋಕಿಯಾ, ಎರಿಕ್ಸನ್ ಎರಡೂ ಅಲ್ಲಿಂದ ಮಾಲು ತರಿಸುತ್ತಿದ್ದವು. ಒಂದು ವಾರ ತಡವಾಗಬಹುದು ಅಂತ ಇಬ್ಬರಿಗೂ ಮಾತು ಬಂತು. ನೋಕಿಯಾದವರು ಅದನ್ನು ಅಷ್ಟಕ್ಕೇ ಬಿಡಲಿಲ್ಲ. ದಿನಾ ಫೋನ್ ಮಾಡಿದರು, ಒಂದು ವಾರ ಸಾಲದು ಅಂತ ಅರ್ಥವಾದ ಕೂಡಲೇ ಬೇರೆ ಕಡೆ ಚಿಪ್ ಹಿಡಿದರು, ಕೆಲವನ್ನು ಬದಲಿಸಿದರು. ಎರಿಕ್ಸನ್ ಎದ್ದೇಳುವ ಹೊತ್ತಿಗೆ ತಡವಾಗಿತ್ತು. ಕೆಲವು ಚಿಪ್‌ಗಳಿಗೆ ಅದರ ಬಳಿ ಬೇರೆ ಮೂಲವೇ ಇರಲಿಲ್ಲ. ಸುಮಾರು 40 ಕೋಟಿ ಡಾಲರ್ ಮಾರಾಟ ಹೋಯಿತು. ಬೆಂಕಿ ಒಂದೇ, ಸುದ್ದಿ ಒಂದೇ. ನೋಕಿಯಾದಲ್ಲಿ ಸಣ್ಣ ತಡ ಕಂಡರೂ ಮೇಲಕ್ಕೆ ಹೇಳುವ ಅಭ್ಯಾಸ ಇತ್ತು.

ಇನ್ನೆರಡು ಮಾತು ಬೇಗ ಹೇಳಿ ಮುಗಿಸುತ್ತೇನೆ. ಮಾಲು ಸಿಗುವುದಿಲ್ಲ ಅನ್ನುವ ಸುದ್ದಿ ಬಂದಾಗ ಬೇಕಾದ್ದಕ್ಕಿಂತ ದುಪ್ಪಟ್ಟು ಆರ್ಡರ್ ಹಾಕಬೇಡಿ. ಎಲ್ಲರೂ ಹಾಗೆ ಮಾಡಿದಾಗ ಗಿರಾಕಿಯ ಬೇಡಿಕೆಯ ಸಣ್ಣ ಏರಿಳಿತ ಸಪ್ಲೈಯರ್, ಅವನ ಸಪ್ಲೈಯರ್ ಅಂತ ಹಿಂದೆ ಹಿಂದೆ ಹೋದಷ್ಟೂ ದೊಡ್ಡದಾಗುತ್ತದೆ. ಬಳಕೆಯಲ್ಲಿ ಅಷ್ಟೇನೂ ಏರಿಳಿತ ಇರದ ಮಗುವಿನ ಡೈಪರ್‌ನಲ್ಲೇ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಇದನ್ನು ಕಂಡಿತ್ತು. ಆರ್ಡರ್ ಜೊತೆಗೆ ನಿಮ್ಮ ದಿನದ ನಿಜವಾದ ಬಳಕೆಯನ್ನೂ ಸಪ್ಲೈಯರ್‌ಗೆ ತೋರಿಸಿ. ಇನ್ನೊಂದು, ಒಂದು ಮಾಲಿನಿಂದ ಇನ್ನೊಂದಕ್ಕೆ ಮೆಷಿನ್ ಬದಲಿಸುವ ಸಮಯ ಇಳಿಸಿ. 1969ರಲ್ಲಿ ಜಪಾನಿನ ಎಂಜಿನಿಯರ್ ಶಿಗೆಓ ಶಿಂಗೋ ಟೊಯೋಟಾದ 1000 ಟನ್ ಪ್ರೆಸ್‌ನಲ್ಲಿ ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಬದಲಿಸುವ ನಾಲ್ಕು ಗಂಟೆಯ ಕೆಲಸವನ್ನು ಮೊದಲು ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ತಂದರು. ಬದಲಾವಣೆ ಇಷ್ಟು ಸಲೀಸಾದರೆ ಒಂದು ಭಾಗ ಬರದ ದಿನ ಲೈನ್ ನಿಲ್ಲಿಸುವುದು ಬೇಡ, ಬೇರೆ ಮಾಡೆಲ್ ಓಡಿಸಬಹುದು.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, ಸ್ಟಾಕ್ ಇಳಿಸುವ ಮೊದಲು ಒಂದು ದಿನ ಕೊಡಿ ಅಂತ ಮೇಲಿನವರನ್ನು ಕೇಳಿ. ಒಂದು ಹಾಳೆ ತಗೊಳ್ಳಿ. ಲೈನ್ ನಿಲ್ಲಿಸಬಲ್ಲ ಭಾಗಗಳನ್ನು ಮಾತ್ರ ಬರೆಯಿರಿ, ಬೆಲೆ ನೋಡಬೇಡಿ. ಪಕ್ಕದಲ್ಲಿ ಎಷ್ಟು ದಿನ ಓಡುತ್ತದೆ, ಮತ್ತೆ ಬರಲು ಎಷ್ಟು ದಿನ ಬೇಕು, ಮಾಡುವವರು ಎಷ್ಟು ಜನ ಅಂತ ಮೂರು ಕಾಲಂ. ಮೊದಲನೆಯದು ಸ್ಟೋರ್‌ನಲ್ಲೇ ಸಿಗುತ್ತದೆ. ಎರಡನೆಯದರಲ್ಲಿ ಕೆಲವು ಮನೆ ಖಾಲಿ ಉಳಿಯುತ್ತವೆ, ಯಾಕೆಂದರೆ ಆ ಪ್ರಶ್ನೆಯನ್ನು ಸಪ್ಲೈಯರ್‌ಗೆ ಯಾರೂ ಕೇಳಿರುವುದಿಲ್ಲ. ಆ ಖಾಲಿ ಮನೆಗಳಿಂದಲೇ ಫೋನ್ ಶುರು ಮಾಡಿ.