ನಗು ಸೊಟ್ಟಗಾದರೆ

‘ಸಿಟ್ಟಾಗಲು 43 ಸ್ನಾಯು ಬೇಕು, ನಗಲು 17 ಸಾಕು, ಆದ್ದರಿಂದ ನಕ್ಕುಬಿಡಿ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಬೆಳಗಾದರೆ ಹಾಜರು. ಕೆಲವು ಸಂದೇಶಗಳಲ್ಲಿ 43 ಬೆಳೆದು 72 ಆಗಿರುವುದೂ ಉಂಟು. ಹಿಂದೆ ಸೂರ್ಯೋದಯದ ಚಿತ್ರವಿದ್ದರೆ ಯಾವ ಅಂಕಿಯೂ ನಡೆಯುತ್ತದೆ! ಅಂಗರಚನಾಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಕೆನ್ನೆಯ ಮೂಳೆಯಿಂದ ತುಟಿಯಂಚಿಗೆ ಓರೆಯಾಗಿ ಇಳಿಯುವ ಒಂದು ಜೋಡಿ ಸ್ನಾಯು ಬಿಗಿದುಕೊಂಡರೆ ಮುಗುಳ್ನಗೆ ಮೂಡುತ್ತದೆ. ಹುಬ್ಬು ಗಂಟಿಕ್ಕಲೂ ಹೆಚ್ಚು ಸ್ನಾಯು ಬೇಡ. ಇಷ್ಟಕ್ಕೂ ಸಿಡುಕಿ ಸಿಡುಕಿ ಮುಖ ದಣಿದವರನ್ನು ನಾನಂತೂ ಕಂಡಿಲ್ಲ.

ಮುಖ ನಕ್ಕರೆ ಮನಸ್ಸೂ ನಗುತ್ತದೆಯೇ ಎಂಬುದು ಇದಕ್ಕಿಂತ ಒಳ್ಳೆಯ ಪ್ರಶ್ನೆ. 1988ರಲ್ಲಿ ಜರ್ಮನ್ ಮನೋವಿಜ್ಞಾನಿ ಫ್ರಿಟ್ಜ್ ಸ್ಟ್ರಾಕ್ ಮತ್ತು ಸಂಗಡಿಗರು ಕೆಲವರಿಗೆ ಹಲ್ಲಿನಲ್ಲಿ, ಕೆಲವರಿಗೆ ತುಟಿಯಲ್ಲಿ ಪೆನ್ನು ಹಿಡಿಸಿ ವ್ಯಂಗ್ಯಚಿತ್ರ ತೋರಿಸಿದರು. ಹಲ್ಲಿನಲ್ಲಿ ಕಚ್ಚಿದಾಗ ಮುಖ ತಾನಾಗಿ ನಗುವಿನ ಆಕಾರ ತಾಳುತ್ತದೆ. ಅವರಿಗೆ ಚಿತ್ರಗಳು ಹೆಚ್ಚು ತಮಾಷೆಯೆನಿಸಿದವು. 2016ರಲ್ಲಿ 17 ಪ್ರಯೋಗಾಲಯಗಳು ಇದನ್ನೇ ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲಿಲ್ಲ. 2022ರಲ್ಲಿ 19 ದೇಶಗಳ 3,878 ಮಂದಿಯ ಮೇಲೆ ನಡೆದ ಅಧ್ಯಯನದಲ್ಲೂ ಪೆನ್ನು ಸ್ಪಷ್ಟ ಉತ್ತರ ಕೊಡಲಿಲ್ಲ. ನಗುಮುಖವನ್ನು ಅನುಕರಿಸಿದವರಿಗೆ, ಬೇಕೆಂದೇ ತುಟಿಯಂಚು ಎತ್ತಿದವರಿಗೆ ಮಾತ್ರ ಸಂತೋಷ ತುಸು ಹೆಚ್ಚಿತು. ತುಸುವೇ.

ನನಗೆ ಬೆರಗು ಹುಟ್ಟಿಸುವುದು ನಗು ಹೊರಡುವ ದಾರಿ. 19ನೇ ಶತಮಾನದ ಫ್ರೆಂಚ್ ವೈದ್ಯ ದುಶೆನ್, ಮುಖದ ಸ್ಪರ್ಶಜ್ಞಾನವನ್ನೇ ಕಳೆದುಕೊಂಡಿದ್ದ ಒಬ್ಬ ಮುದುಕನ ಕೆನ್ನೆಗೆ ವಿದ್ಯುತ್ ಹಾಯಿಸಿ ನಗಿಸಿದ, ಫೋಟೋ ತೆಗೆದ, 1862ರಲ್ಲಿ ಪ್ರಕಟಿಸಿದ. ತುಟಿ ನಕ್ಕರೂ ಕಣ್ಣು ನಗದ ಆ ಚಿತ್ರ ಯಾಕೋ ಕಸಿವಿಸಿ ಮಾಡುತ್ತದೆ. ಡಾರ್ವಿನ್ ಅದನ್ನು ಪರಿಚಿತರಿಗೆ ತೋರಿಸಿ, ಅವರು ಏನೆನ್ನುತ್ತಾರೆಂದು ಬರೆದಿಟ್ಟುಕೊಂಡ. ಕಣ್ಣಿನ ಸುತ್ತಲ ಸ್ನಾಯು ನಮ್ಮ ಮಾತು ಕೇಳುವುದಿಲ್ಲ, ಆನಂದದ ಮಾತನ್ನಷ್ಟೇ ಕೇಳುತ್ತದೆ ಎಂಬುದು ದುಶೆನ್‌ನ ವಾದ. ಅದು ಪೂರ್ತಿ ನಿಜವಲ್ಲ, ಬೇಕೆಂದಾಗ ಕಣ್ಣಲ್ಲೂ ನಗಬಲ್ಲವರು ಸಾಕಷ್ಟಿದ್ದಾರೆ. ಆದರೆ ಬರಿಸಿದ ನಗುವೂ ಬಂದ ನಗುವೂ ಬೇರೆ ಎಂಬ ಅವನ ಊಹೆ ಸರಿಯಾಗಿತ್ತು.

ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಇರುತ್ತದಲ್ಲ, ಹಾಗೆ. ‘ಸ್ವಲ್ಪ ನಗಿ’ ಎಂದು ಫೋಟೋದವನು ಹೇಳಿದಾಗ ಆಜ್ಞೆ ಹೊರಡುವುದು ಮಿದುಳಿನ ಹೊರಪದರದ ಚಲನಾ ಭಾಗದಿಂದ. ಮೊಮ್ಮಗಳ ತೊದಲಿಗೆ ನಕ್ಕಾಗ ಅದು ಭಾವನೆಗಳನ್ನು ನಿಭಾಯಿಸುವ ಬೇರೆ ಭಾಗಗಳಿಂದ ಬರುತ್ತದೆ. ಎರಡೂ ಮಿದುಳುಕಾಂಡದಲ್ಲಿ ಕೂಡಿ, ಏಳನೇ ಕಪಾಲ ನರದ ಮೂಲಕ ಮುಖಕ್ಕೆ ಇಳಿಯುತ್ತವೆ. ಹೀಗಾಗಿ ಒಂದು ಸ್ವಿಚ್ ಕೆಟ್ಟು ಇನ್ನೊಂದು ಉಳಿಯಬಹುದು. ಚಲನಾ ಭಾಗಕ್ಕೆ ಪಾರ್ಶ್ವವಾಯು ಬಡಿದವರಿಗೆ ‘ಹಲ್ಲು ತೋರಿಸಿ’ ಎಂದರೆ ಬಾಯಿ ಒಂದೇ ಕಡೆ ಎಳೆಯುತ್ತದೆ. ಅವರಲ್ಲೇ ಕೆಲವರು ಒಳ್ಳೆಯ ಜೋಕಿಗೆ ಎರಡೂ ಕಡೆ ಸಮವಾಗಿ ನಗುತ್ತಾರೆ! ಪಾರ್ಕಿನ್ಸನ್ ರೋಗದಲ್ಲಿ ಇದಕ್ಕೆ ತಿರುಗುಮುರುಗು: ಹೇಳಿದರೆ ನಗು ಬರುತ್ತದೆ, ತಾನಾಗಿ ಬರುವುದು ಕಡಿಮೆ. ನರವೇ ಊದಿಕೊಳ್ಳುವ ಬೆಲ್ಸ್ ಪಾಲ್ಸಿಯಲ್ಲಿ ದೀಪದ ತಂತಿಗೇ ಪೆಟ್ಟು, ಎರಡೂ ಸ್ವಿಚ್ ವ್ಯರ್ಥ. ಆ ಬದಿಯ ಹಣೆ ಸುಕ್ಕುಗಟ್ಟುವುದಿಲ್ಲ, ಕಣ್ಣೂ ಸರಿಯಾಗಿ ಮುಚ್ಚುವುದಿಲ್ಲ.

ಮುಖ ಸೊಟ್ಟಗಾಗುವ ಕಾಯಿಲೆಗಳಿಗೆಲ್ಲ ನಮ್ಮಲ್ಲಿ ಒಂದೇ ಹೆಸರು, ‘ಗಾಳಿ ಸೋಕಿದೆ’. ತಾಯಿತ ಕಟ್ಟಿಸಲು ಹೊರಟವರಿಗೆ ಗೊತ್ತಾಗದೇ ಹೋಗುವುದು ಗಡಿಯಾರದ ವಿಷಯ. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಮನೆಯಲ್ಲಿ ಯಾರದಾದರೂ ಮಾತು ಹಠಾತ್ತನೆ ತೊದಲಿದರೆ, ಒಂದು ಕೈ ಸೋತರೆ, ನಗಲು ಹೇಳಿ ನೋಡಿ. ತಮಾಷೆ ಮಾಡಿ ನಗಿಸಬೇಡಿ. ಮೇಲೆ ಹೇಳಿದಂತೆ ತಾನಾಗಿ ಬಂದ ನಗು ನೇರವಾಗಿಯೇ ಕಂಡು ಮೋಸಗೊಳಿಸಬಹುದು. ಮಾತು, ಕೈ, ಹೇಳಿ ನಗಿಸಿದ ನಗು, ಈ ಮೂರರಲ್ಲಿ ಒಂದು ಕೆಟ್ಟಿದ್ದರೂ 108ಕ್ಕೆ ಕರೆ ಮಾಡಿ, ಲಕ್ಷಣ ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.