ಮೂರು ಲೀಜನ್‌ಗಳು ಮಡಿದ ಜಾಗ ಯಾವುದು? ಕಾಲ್ಕ್ರೀಸೆ ವಾದದ ಹಿನ್ನೆಲೆ

ಜರ್ಮನಿಯ ಓಸ್ನಾಬ್ರೂಕ್ ನಗರದ ಉತ್ತರಕ್ಕೆ ಕಾಲ್ಕ್ರೀಸೆ ಎಂಬ ಸಣ್ಣ ಊರಿದೆ. ಅಲ್ಲಿ ಮಣ್ಣಿಂದ ಏನೇ ಹೊರಬಂದರೂ ಸುದ್ದಿಯಾಗುತ್ತದೆ. 2016ರಲ್ಲಿ ಎಂಟು ಚಿನ್ನದ ನಾಣ್ಯ, 2018ರಲ್ಲಿ ಒಬ್ಬ ರೋಮನ್ ಸೈನಿಕನ ಎದೆಕವಚ, 2022ರಲ್ಲಿ ಲೋಹದ ಚೂರುಗಳ ಪರೀಕ್ಷೆ. ಪ್ರತಿ ಸಲವೂ ಒಂದು ಕಡೆಯವರು "ರೋಮನ್ ದಂಡನಾಯಕ ವಾರಸ್ ಸೋತದ್ದು ಇಲ್ಲೇ, ಇನ್ನು ಅನುಮಾನವಿಲ್ಲ" ಎನ್ನುತ್ತಾರೆ. ಇನ್ನೊಂದು ಕಡೆಯವರು "ಆತುರ ಬೇಡ" ಎನ್ನುತ್ತಾರೆ. ಈ ವಾದಕ್ಕೆ ಐನೂರು ವರ್ಷದ ವಯಸ್ಸು. ನಡುವೆ ಬಂದು ಕಿವಿಗೊಟ್ಟವರಿಗೆ ತಲೆಬುಡ ತಿಳಿಯುವುದು ಕಷ್ಟ. ಅದಕ್ಕೇ ಬುಡದಿಂದ ಶುರು ಮಾಡೋಣ.

ಕ್ರಿ.ಶ. 9. ರೋಮ್‌ನಲ್ಲಿ ಚಕ್ರವರ್ತಿ ಅಗಸ್ಟಸ್. ರೈನ್ ನದಿಯಾಚೆಗಿನ ಜರ್ಮನ್ ನಾಡಿಗೆ ಅವನು ಕಳಿಸಿದ್ದ ಅಧಿಕಾರಿ ಪಬ್ಲಿಯಸ್ ಕ್ವಿಂಕ್ಟೀಲಿಯಸ್ ವಾರಸ್. ಬೇಸಿಗೆ ಕಳೆದು, ಅವನು 17, 18, 19ನೇ ಲೀಜನ್‌ಗಳನ್ನು ಕರೆದುಕೊಂಡು ವಾಪಸ್ ಹೊರಟಿದ್ದ. ಲೀಜನ್ ಎಂದರೆ ರೋಮ್‌ನ ಕಾಲಾಳು ಪಡೆ, ಭರ್ತಿಯಿದ್ದರೆ ಸುಮಾರು 5,000 ಜನ. ಜೊತೆಗೆ ಕುದುರೆ ಪಡೆ, ಸಹಾಯಕ ತುಕಡಿ, ಗಾಡಿ, ಹೆಂಗಸರು, ಮಕ್ಕಳು. ಜೊತೆಯಲ್ಲೇ ಇದ್ದ ಚೆರಸ್ಕಿ ಎಂಬ ಜರ್ಮನ್ ಬುಡಕಟ್ಟಿನ ಆರ್ಮಿನಿಯಸ್ ಒಳಗೊಳಗೇ ಸಂಚು ಹೂಡಿದ್ದ. ಅವನು ರೋಮನ್ ಪೌರತ್ವ ಪಡೆದವನು, ಅವರ ಸೈನ್ಯದಲ್ಲೇ ಪಳಗಿದವನು. ಕೆಲವೇ ದಿನಗಳಲ್ಲಿ ಇಡೀ ಸೈನ್ಯ ನಾಶವಾಯಿತು. ವಾರಸ್ ತನ್ನ ಕತ್ತಿಗೆ ತಾನೇ ಬಿದ್ದ. ಆ ಮೂರು ಸಂಖ್ಯೆಗಳನ್ನು ರೋಮ್ ಮತ್ತೆ ಯಾವ ಲೀಜನ್ನಿಗೂ ಇಡಲಿಲ್ಲ.

ಜಾಗ ಹುಡುಕಲು ಮುಖ್ಯವಾಗಿ ನಾಲ್ವರು ರೋಮನ್ ಇತಿಹಾಸಕಾರರ ಬರಹಗಳಿವೆ. ವೆಲಿಯಸ್ ಪಟರ್ಕ್ಯುಲಸ್ ಅದೇ ಕಾಲದವನು, ಜರ್ಮನಿಯಲ್ಲಿ ಸೈನಿಕನಾಗಿದ್ದವನು. ಆದರೆ ಅವನು ಕಾಡು, ಜೌಗು ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ಫ್ಲೋರಸ್‌ನ ಪ್ರಕಾರ, ವಾರಸ್ ನ್ಯಾಯ ವಿಚಾರಣೆಗೆ ಕೂತಿದ್ದಾಗ ಶಿಬಿರದ ಮೇಲೇ ದಾಳಿಯಾಯಿತು. ಸುಮಾರು ಇನ್ನೂರು ವರ್ಷ ಕಳೆದ ಮೇಲೆ ಬರೆದ ಕ್ಯಾಸಿಯಸ್ ಡಿಯೋ ಬೇರೆಯದೇ ಕಥೆ ಹೇಳುತ್ತಾನೆ. ಕೊರಕಲು ಬಿದ್ದ ನೆಲ, ದಟ್ಟ ಮರ, ಬಿರುಗಾಳಿ, ಮಳೆಗೆ ನೆನೆದು ಕೆಲಸಕ್ಕೆ ಬಾರದಂತಾದ ಬಿಲ್ಲು ಮತ್ತು ಗುರಾಣಿ, ದಿನಗಟ್ಟಲೆ ನಡೆಯುತ್ತಲೇ ಸಾಯುವ ಸೈನ್ಯ.

ನಾಲ್ಕನೆಯವನು ಟ್ಯಾಸಿಟಸ್. ಜಾಗದ ಹೆಸರು ಹೇಳುವವನು ಅವನೊಬ್ಬನೇ. ಕ್ರಿ.ಶ. 15ರಲ್ಲಿ ಜರ್ಮಾನಿಕಸ್ ಎಂಬ ದಂಡನಾಯಕ ಎಮ್ಸ್ ಮತ್ತು ಲಿಪ್ಪೆ ನದಿಗಳ ನಡುವಿನ ನಾಡನ್ನು ಹಾಳುಗೆಡವುತ್ತ ಬಂದ. ಅಲ್ಲಿಂದ ಹೆಚ್ಚು ದೂರವಿಲ್ಲದ ಟ್ಯೂಟೊಬರ್ಗ್ ಕಾಡಿನಲ್ಲಿ ವಾರಸ್‌ನ ಜನ ಮಣ್ಣು ಕಾಣದೆ ಬಿದ್ದಿದ್ದಾರೆ ಎಂದು ಕೇಳಿ ಅಲ್ಲಿಗೆ ಹೋದ. ಮೊದಲು ಕಂಡದ್ದು ವಾರಸ್‌ನ ವಿಶಾಲವಾದ ಶಿಬಿರ. ಆಮೇಲೆ ಅರೆಬರೆ ಕುಸಿದ ದಿಬ್ಬ, ಆಳವಿಲ್ಲದ ಕಂದಕ. ನಡುವಿನ ಬಯಲಲ್ಲಿ ಬಿಳಿಚಿದ ಮೂಳೆಗಳು, ಓಡಿದ ಕಡೆ ಚೆಲ್ಲಾಪಿಲ್ಲಿಯಾಗಿ, ನಿಂತು ಕಾದಾಡಿದ ಕಡೆ ರಾಶಿಯಾಗಿ. ಮರಗಳಿಗೆ ಮೊಳೆ ಹೊಡೆದ ತಲೆಬುರುಡೆಗಳು. ಬದುಕುಳಿದ ಕೆಲವರು ಜೊತೆಗಿದ್ದು, ಎಲ್ಲೆಲ್ಲಿ ಏನಾಯಿತು ಎಂದು ತೋರಿಸಿದರು. ಸತ್ತವರು ನಮ್ಮವರೋ ಪರರೋ ಎಂದು ತಿಳಿಯದೆಯೇ ಸೈನಿಕರು ಎಲ್ಲರ ಮೂಳೆಗಳಿಗೂ ಮಣ್ಣು ಕೊಟ್ಟರು.

ಇದನ್ನು ಮನಸ್ಸಿಟ್ಟು ಓದಿದರೆ ಒಂದು ಮಾತು ಸ್ಪಷ್ಟ. ಟ್ಯಾಸಿಟಸ್ ಹೇಳುತ್ತಿರುವುದು ಒಂದು ಬಯಲಿನ ಕಥೆಯಲ್ಲ. ಅದೊಂದು ದಾರಿಯ ಕಥೆ. ಡಿಯೋ ಹೇಳುವುದೂ ಅದನ್ನೇ. ಆದರೂ ಹುಡುಕಿದವರೆಲ್ಲ ನಕ್ಷೆಯಲ್ಲಿ ಒಂದು ಚುಕ್ಕೆ ಇಡಲು ಹೊರಟರು. ಗೋಜಲು ಹುಟ್ಟಿದ್ದೇ ಅಲ್ಲಿ ಎಂದು ನನಗನ್ನಿಸುತ್ತದೆ.

ಟ್ಯಾಸಿಟಸ್‌ನ ಈ ಭಾಗ ಅಚ್ಚಾದದ್ದು 1515ರಲ್ಲಿ. ಹದಿನೇಳನೇ ಶತಮಾನದಲ್ಲಿ ವಿದ್ವಾಂಸರು ಓಸ್ನಿಂಗ್ ಎಂಬ ಬೆಟ್ಟಸಾಲಿಗೆ ಟ್ಯೂಟೊಬರ್ಗ್ ಕಾಡು ಎಂದು ಹೆಸರಿಟ್ಟರು. ಹೆಸರು ನಕ್ಷೆಗೆ ಬಂತು, ಮುಂದಿನವರು ಅದೇ ನಕ್ಷೆಯನ್ನು ಸಾಕ್ಷಿ ಮಾಡಿಕೊಂಡರು. ಜರ್ಮನಿ ಒಂದು ದೇಶವಾಗುವ ಹೊತ್ತಿಗೆ ಆರ್ಮಿನಿಯಸ್ ನಾಡವೀರ ಹೆರ್ಮನ್ ಆಗಿದ್ದ. 1875ರಲ್ಲಿ ಡೆಟ್‌ಮೋಲ್ಡ್ ಹತ್ತಿರದ ಗುಡ್ಡದ ಮೇಲೆ ಅವನ 50 ಮೀಟರ್‌ಗೂ ಎತ್ತರದ ಸ್ಮಾರಕ ಎದ್ದಿತು. ಹೀಗೆ ಬೇರೆ ಬೇರೆ ಊರುಗಳ ಪರವಾಗಿ ಹುಟ್ಟಿದ ವಾದಗಳು 700ಕ್ಕೂ ಹೆಚ್ಚು ಎಂದು ಲೆಕ್ಕ ಹೇಳುತ್ತಾರೆ. ತಂತಮ್ಮ ಊರಿನ ಮೇಲಿನ ಪ್ರೀತಿ ತಪ್ಪೇನಲ್ಲ, ಆದರೆ ಅದು ಸಾಕ್ಷಿಯ ಜಾಗದಲ್ಲಿ ಬಂದು ಕೂತರೆ ಕಷ್ಟ.

1885ರಲ್ಲಿ ಇತಿಹಾಸಕಾರ ಥಿಯೊಡೋರ್ ಮಾಮ್‌ಸೆನ್ ಬೇರೆ ದಾರಿ ಹಿಡಿದರು. ಕಾಲ್ಕ್ರೀಸೆ ಪಕ್ಕದ ಬಾರೆನಾವ್ ಎಸ್ಟೇಟಿನ ಮನೆತನದ ಬಳಿ ಸುತ್ತಲಿನ ಹೊಲಗಳಲ್ಲಿ ಸಿಕ್ಕ ರೋಮನ್ ನಾಣ್ಯಗಳ ಸಂಗ್ರಹವಿತ್ತು. ಅವು ಅಗಸ್ಟಸ್ ಕಾಲದವರೆಗೆ ಬಂದು ಅಲ್ಲಿಗೇ ನಿಲ್ಲುತ್ತಿದ್ದವು. ಇದೇ ಜಾಗ ಎಂದರು ಮಾಮ್‌ಸೆನ್. ಆಕ್ಷೇಪವೂ ತಕ್ಷಣ ಬಂತು. ಹೆಚ್ಚೂಕಡಿಮೆ ಎಲ್ಲವೂ ಬೆಳ್ಳಿ, ಚಿನ್ನ. ಸಾಮಾನ್ಯ ಸೈನಿಕನ ಜೇಬಿನ ತಾಮ್ರದ ಕಾಸು ಎಲ್ಲಿ? ಆಯುಧ ಎಲ್ಲಿ? ಕೇಳಬೇಕಾದ ಪ್ರಶ್ನೆಯೇ. ಬೆಳ್ಳಿ ನಾಣ್ಯ ವ್ಯಾಪಾರದ ಜೊತೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗಸ್ಟಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಅಷ್ಟಕ್ಕೇ ಅಲ್ಲಿ ರೋಮನ್ ಸೈನ್ಯ ಬಂದಿತ್ತು ಎನ್ನಲಾಗದು, ಅಲ್ವಾ? ಮಾಮ್‌ಸೆನ್ ಮಾತು ನೂರು ವರ್ಷ ಹಾಗೇ ಮೂಲೆಯಲ್ಲಿತ್ತು.

1987ರಲ್ಲಿ ಅದು ಮತ್ತೆ ಎದ್ದಿತು. ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಓಸ್ನಾಬ್ರೂಕ್‌ನಲ್ಲಿದ್ದರು. ಲೋಹಶೋಧಕ ಹಿಡಿದು ಓಡಾಡುವುದು ಅವರ ಹವ್ಯಾಸ. ಅವರು ಸುಮ್ನೆ ಹೊಲ ಅಗೆಯಲಿಲ್ಲ. ಮೊದಲು ಅಲ್ಲಿನ ಪುರಾತತ್ವಜ್ಞ ವುಲ್ಫ್‌ಗಾಂಗ್ ಷ್ಲೂಟರ್ ಅವರನ್ನು ಕೇಳಿ, ಮಾಮ್‌ಸೆನ್ ಹೇಳಿದ್ದ ಕಡೆಯಲ್ಲೇ ಹುಡುಕಿದರು. 160ಕ್ಕೂ ಹೆಚ್ಚು ಬೆಳ್ಳಿ ನಾಣ್ಯ ಸಿಕ್ಕವು. ಆದರೂ ಅದೇ ಹಳೇ ಆಕ್ಷೇಪ ಉಳಿಯಿತು. ಮರುವರ್ಷ ಸಿಕ್ಕ ಮೂರು ಚಿಕ್ಕ ಸೀಸದ ಗುಂಡುಗಳು ಎಲ್ಲವನ್ನೂ ಬದಲಿಸಿದವು. ಅವು ಕವಣೆಯಲ್ಲಿ ಬೀಸಿ ಹೊಡೆಯುವ ಗುಂಡುಗಳು. ವ್ಯಾಪಾರಿ ಅಂಥದನ್ನು ಇಟ್ಟುಕೊಂಡು ತಿರುಗುವುದಿಲ್ಲ.

1989ರಿಂದ ದೊಡ್ಡ ಪ್ರಮಾಣದ ಉತ್ಖನನ ಶುರುವಾಯಿತು. ನೆಲದ ಸ್ವರೂಪ ನೋಡಿದರೆ ಸೈನ್ಯ ಇಲ್ಲಿ ಏಕೆ ಸಿಕ್ಕಿಬಿತ್ತು ಎಂದು ಅರ್ಥವಾಗುತ್ತದೆ. ದಕ್ಷಿಣಕ್ಕೆ 157 ಮೀಟರ್ ಎತ್ತರದ ಗುಡ್ಡ. ಉತ್ತರಕ್ಕೆ ಆಗ ಕಾಲಿಡಲಾಗದ ದೊಡ್ಡ ಜೌಗು. ನಡುವೆ ಇಕ್ಕಟ್ಟಾದ ಮರಳು ನೆಲ, ಅದನ್ನೂ ಗುಡ್ಡದಿಂದಿಳಿವ ಹಳ್ಳಗಳು ಅಲ್ಲಲ್ಲಿ ಕೊರೆದಿವೆ. ಉದ್ದಕ್ಕೆ ಸಾಗುವ ಸೈನ್ಯಕ್ಕೆ ಇಲ್ಲಿ ಸಾಲು ಬಿಚ್ಚಿ ನಿಲ್ಲಲು ಜಾಗವೇ ಇಲ್ಲ. ಗುಡ್ಡದ ಬುಡದಲ್ಲಿ ಸುಮಾರು 400 ಮೀಟರ್ ಉದ್ದದ ಮಣ್ಣಿನ ದಿಬ್ಬವೂ ಸಿಕ್ಕಿತು.

ಇಷ್ಟೆಲ್ಲ ಉಳಿದದ್ದಕ್ಕೆ ರೈತರಿಗೆ ಧನ್ಯವಾದ ಹೇಳಬೇಕು. ಬಡ ಮರಳು ನೆಲಕ್ಕೆ ಸತ್ವ ಬರಲೆಂದು ಅಲ್ಲಿನವರು ಮಧ್ಯಯುಗದಿಂದ ಹುಲ್ಲುಬೇರಿನ ಸಮೇತ ಮೇಲ್ಮಣ್ಣು ಕೆತ್ತಿ ತಂದು, ಕೊಟ್ಟಿಗೆಯಲ್ಲಿ ಹಾಸಿ, ಗೊಬ್ಬರದ ಜೊತೆ ಹೊಲಕ್ಕೆ ಹಾಕುತ್ತಿದ್ದರು. ಶತಮಾನಗಳಲ್ಲಿ ಹೊಲದ ಮಟ್ಟ ಏರಿತು. ನೇಗಿಲು ಕೆಳಗಿನ ಪದರ ಮುಟ್ಟಲೇ ಇಲ್ಲ.

ಆ ಪದರದಲ್ಲಿ ಕುದುರೆ ಸವಾರನ ಕಬ್ಬಿಣದ ಮುಖವಾಡ ಸಿಕ್ಕಿತು. ಮೇಲೆ ಹೊದಿಸಿದ್ದ ಬೆಳ್ಳಿ ಅಂಚಿನಲ್ಲಿ ಮಾತ್ರ ಉಳಿದಿದೆ. ಉಳಿದದ್ದನ್ನು ಯಾರೋ ಕಿತ್ತುಕೊಂಡಿದ್ದರು. ದಿಬ್ಬದ ಮಣ್ಣು ಕುಸಿದು ಮುಚ್ಚಿದ್ದ ಒಂದು ಹೇಸರಗತ್ತೆಯ ಅಸ್ಥಿಪಂಜರ ಸಿಕ್ಕಿತು. ಕತ್ತು ಮುರಿದಿತ್ತು. ಕೊರಳಲ್ಲಿ ಕಂಚಿನ ಗಂಟೆ, ಗಂಟೆಯೊಳಗೆ ತುರುಕಿದ ಹುಲ್ಲು. ಸದ್ದಾದರೆ ಶತ್ರುಗಳಿಗೆ ಸುಳಿವು ಸಿಗುತ್ತದೆಂದು ಯಾರೋ ತುರುಕಿರಬೇಕು. ಸೈನ್ಯ ಎಷ್ಟು ಹೆದರಿತ್ತು ಎಂದು ಯಾವ ಇತಿಹಾಸಕಾರನೂ ಇಷ್ಟು ಹತ್ತಿರದಿಂದ ಹೇಳಿಲ್ಲ. ಎಂಟು ಗುಂಡಿಗಳಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಮೂಳೆಗಳು ಬೆರೆತು ಸಿಕ್ಕವು. ಪರೀಕ್ಷಿಸಿದಾಗ, ಹೂಳುವ ಮುಂಚೆ ವರ್ಷಗಟ್ಟಲೆ ಬಿಸಿಲು ಮಳೆಗೆ ಬಿದ್ದಿದ್ದವು ಎಂದು ಗೊತ್ತಾಯಿತು. ಜರ್ಮಾನಿಕಸ್ ಬಂದದ್ದು ಆರು ವರ್ಷದ ಮೇಲೆ. ತಾಳೆಯಾಗುತ್ತದೆ.

ತಾಮ್ರದ ಕಾಸೂ ಬಂದವು. ಕೆಲವುಗಳ ಮೇಲೆ ವಾರಸ್‌ನ ಹೆಸರಿನ ಮೊದಲ ಮೂರು ಅಕ್ಷರಗಳ ಮುದ್ರೆ ಒತ್ತಿದೆ. ಅವನು ಅಧಿಕಾರಕ್ಕೆ ಬಂದದ್ದು ಕ್ರಿ.ಶ. 7ರ ಸುಮಾರಿಗೆ. ಕ್ರಿ.ಶ. 9ರ ನಂತರದ ಒಂದು ನಾಣ್ಯವೂ ಅಲ್ಲಿಲ್ಲ.

ಹಾಗಿದ್ದರೆ ವಾದ ಏಕೆ ನಿಂತಿಲ್ಲ? ಆಕ್ಷೇಪಿಸುವವರಲ್ಲಿ ಗಟ್ಟಿ ಪ್ರಶ್ನೆಗಳಿವೆ. ಹೊಸ ನಾಣ್ಯ ಸೈನಿಕರ ಕೈಗೆ ಬರಲು ವರ್ಷಗಳೇ ಹಿಡಿಯುತ್ತವೆ, ಆದ್ದರಿಂದ ಇದು ಕ್ರಿ.ಶ. 15ರಲ್ಲಿ ಜರ್ಮಾನಿಕಸ್‌ನ ಪಡೆ ಕಾದಾಡಿದ ಜಾಗವೂ ಆಗಿರಬಹುದು ಎನ್ನುತ್ತಾರೆ. ಅದೇ ವರ್ಷ ಕೇಸಿನಾ ಎಂಬ ಅವನ ಅಧಿಕಾರಿಯೂ ಜೌಗು ಮತ್ತು ಕಾಡಿನ ನಡುವೆ ಸಿಕ್ಕಿ ಒದ್ದಾಡಿದ್ದನ್ನು ಟ್ಯಾಸಿಟಸ್ಸೇ ಬರೆದಿದ್ದಾನೆ. ಅವನು ಹೇಳುವುದು ಒಂದು ಸಮಾಧಿ ದಿಬ್ಬ, ಇಲ್ಲಿರುವುದು ಹಲವು ಗುಂಡಿ. ಇನ್ನು ಗುಡ್ಡದ ಬುಡದ ಆ ಉದ್ದನೆಯ ಮಣ್ಣಿನ ದಿಬ್ಬ ಹೊಂಚು ಹಾಕಿದವರು ಕಟ್ಟಿದ್ದೋ, ರೋಮನ್ನರೇ ಶಿಬಿರಕ್ಕೆ ಕಟ್ಟಿದ್ದೋ? ಈಚಿನ ಉತ್ಖನನಗಳು ಈ ಪ್ರಶ್ನೆಯನ್ನು ಮತ್ತೆ ತೆರೆದಿವೆ.

2022ರ ಪರೀಕ್ಷೆ ಇನ್ನೊಂದು ಬಾಗಿಲು ತೆರೆಯಿತು. ಪ್ರತಿ ಲೀಜನ್ನಿನ ಕಮ್ಮಾರರೂ ಹಳೆ ಲೋಹ ಕರಗಿಸಿ ರಿಪೇರಿ ಮಾಡುತ್ತಿದ್ದರು. ಹಾಗಾಗಿ ಒಂದೊಂದು ಪಡೆಯ ಕಂಚು, ಹಿತ್ತಾಳೆಯಲ್ಲಿ ಬೆರೆತ ಸಣ್ಣಪುಟ್ಟ ಧಾತುಗಳ ಪ್ರಮಾಣ ಬೇರೆ ಬೇರೆ. ವಾರಸ್‌ನ 19ನೇ ಲೀಜನ್ ಮೊದಲು ದಕ್ಷಿಣ ಜರ್ಮನಿಯ ಡಾಂಗ್‌ಸ್ಟೆಟನ್ ಎಂಬಲ್ಲಿ ನೆಲೆಸಿತ್ತು. ಅಲ್ಲಿನ ಲೋಹಕ್ಕೂ ಕಾಲ್ಕ್ರೀಸೆಯ ಲೋಹಕ್ಕೂ ಹೋಲಿಕೆ ಕಂಡಿದೆ. ವಾರಸ್‌ನ ಪರವಾಗಿ ಇದು ಬಲವಾದ ಸಾಕ್ಷಿ.

ಕಾಲ್ಕ್ರೀಸೆಯಲ್ಲಿ ಸತ್ತವರು ವಾರಸ್‌ನ ಜನ ಎಂದೇ ನನಗೂ ಅನ್ನಿಸುತ್ತದೆ. ಆದರೆ ಅದು ದಾರಿಯ ಒಂದು ತುಂಡು, ಬಹುಶಃ ಕೊನೆಯ ಭಾಗ. ಟ್ಯಾಸಿಟಸ್ ಹೇಳಿದ ಆ ಮೊದಲ ವಿಶಾಲ ಶಿಬಿರ ಇನ್ನೂ ಸಿಕ್ಕಿಲ್ಲ. ವೇಸರ್ ನದಿ ದಂಡೆಯ ಬಾರ್ಕ್‌ಹೌಸನ್‌ನಲ್ಲಿ ಅಗಸ್ಟಸ್ ಕಾಲದ ರೋಮನ್ ಶಿಬಿರವೊಂದು 2008ರಲ್ಲಿ ಪತ್ತೆಯಾಗಿದೆ. ಅಲ್ಲಿಂದ ಕಾಲ್ಕ್ರೀಸೆಯವರೆಗಿನ ನೆಲದಲ್ಲಿ ಸೈನ್ಯ ಎಲ್ಲೆಲ್ಲಿ ತಂಗಿತು, ಗಾಡಿಗಳನ್ನು ಎಲ್ಲಿ ಸುಟ್ಟಿತು ಎಂಬುದನ್ನು ಹುಡುಕಬೇಕಿದೆ. ಯಾವ ಊರಿನ ಫಲಕದಲ್ಲಿ ಯುದ್ಧದ ಹೆಸರಿರಬೇಕು ಎಂಬ ಜಗಳಕ್ಕೆ ಹೋಗುವ ಶ್ರಮದಲ್ಲಿ ಸ್ವಲ್ಪವಾದರೂ ಆ ಹೊಲಗಳಿಗೆ ಹೋಗಲಿ.