ಮೂರು ಗಂಟೆಗೆ ನಾಲ್ಕನೇ ಮಷೀನಿನಲ್ಲಿ ಏನು ಮಾಡಬೇಕು?

ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಗೆ ನಾನು ಉತ್ಪಾದನಾ ಸಲಹೆಗಾರನಾಗಿ ಹೋದಾಗ ಅಲ್ಲಿನ ಆಡಳಿತ ವರ್ಗ ಒಂದು ಒಳ್ಳೆಯ ತೀರ್ಮಾನವನ್ನು ಕೈಗೊಂಡಿತ್ತು. ಹೈಡ್ರಾಲಿಕ್ ವಾಲ್ವುಗಳ ಬಿಡಿಭಾಗಗಳನ್ನು ಒಂದು ಸಲಕ್ಕೆ 600ರಂತೆ ಮಾಡುವುದನ್ನು ಬಿಟ್ಟು, 150ರ ಸಣ್ಣ ಲಾಟುಗಳಲ್ಲಿ (ಒಂದು ಸಲಕ್ಕೆ ಮಾಡುವ ಗುಂಪುಗಳಲ್ಲಿ) ಮಾಡಿ ಗ್ರಾಹಕರಿಗೆ ಬೇಗ ತಲುಪಿಸಬೇಕೆಂಬುದು ಆ ತೀರ್ಮಾನ. ಇದನ್ನು ಸಿಬ್ಬಂದಿಗೆ ತಿಳಿಸಲು ಎರಡು ಗಂಟೆಯ ಸಭೆ ನಡೆಯಿತು. ಅದರ ಸ್ಲೈಡುಗಳನ್ನು ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬ. ಎಲ್ಲರೂ ತಲೆಯಾಡಿಸಿದರು. ಒಂದು ತಿಂಗಳ ಬಳಿಕ ಹೋಗಿ ನೋಡಿದಾಗ ಲಾಟುಗಳು 600ರಲ್ಲೇ ಇದ್ದವು.

ಇದನ್ನು ಅವಿಧೇಯತೆ ಎನ್ನುವುದು ಅನ್ಯಾಯ. ಶಾಪ್‌ಫ್ಲೋರಿನ ಬೋರ್ಡಿನಲ್ಲಿ ಪ್ರತಿ ಪಾಳಿಗೆ ಎಷ್ಟು ಪೀಸ್ ಎಂಬ ಲೆಕ್ಕ ಹಾಗೆಯೇ ಉಳಿದಿತ್ತು, ಇನ್ಸೆಂಟಿವ್ ಕೂಡ ಅದನ್ನೇ ಆಧರಿಸಿತ್ತು. ಒಂದೂವರೆ ಗಂಟೆ ದುಡಿದು ಸೆಟ್ಟಿಂಗ್ ಮಾಡಿಕೊಂಡ, ಅಂದರೆ ಮಷೀನನ್ನು ಒಂದು ಜಾಬಿಗೆ ಸಜ್ಜುಗೊಳಿಸಿಕೊಂಡ ಆಪರೇಟರ್, ಮಷೀನು ಸಲೀಸಾಗಿ ಓಡುತ್ತಿರುವಾಗ 150ಕ್ಕೇ ಅದನ್ನು ಬಿಚ್ಚಿ ಮತ್ತೊಂದು ಜಾಬ್ ಏಕೆ ಏರಿಸಬೇಕು? ಕಂಪನಿಗೆ ಏನು ಬೇಕು ಎಂಬುದನ್ನು ನಾವು ಹೇಳಿದ್ದೆವು. ಎರಡು ಒಳ್ಳೆಯ ಕೆಲಸಗಳು ಎದುರುಬದುರಾದಾಗ ಯಾವುದನ್ನು ಬಿಟ್ಟುಕೊಡಬೇಕು ಎಂಬುದನ್ನು ಹೇಳಿರಲಿಲ್ಲ. ಕಾರ್ಯತಂತ್ರದ ತಿರುಳು ಇರುವುದು ಆ ಎರಡನೆಯ ಮಾತಿನಲ್ಲಿ.

ಎರಡನೆಯ ಸಲ ಸಭಾಂಗಣಕ್ಕೆ ಹೋಗದೆ, ಪಾಳಿ ಬದಲಾಗುವ ಹೊತ್ತಿಗೆ ಮಷೀನುಗಳ ನಡುವೆಯೇ ನಿಂತು ಮಾತನಾಡಿದೆವು. ಅದಕ್ಕೆ ಮೊದಲು ಒಂದೇ ಒಂದು ಬಿಡಿಭಾಗಕ್ಕೆ ಕೆಂಪು ಚೀಟಿ ಕಟ್ಟಿ, ಕಚ್ಚಾ ಸರಳು ಒಳಬಂದ ದಿನದಿಂದ ಮಾಲು ಗೇಟು ದಾಟುವ ದಿನದವರೆಗೆ ಅದನ್ನು ಹಿಂಬಾಲಿಸಿದ್ದೆವು. ಅದರ ಮೇಲೆ ಮಷೀನು ಕೆಲಸ ಮಾಡಿದ್ದು ಒಟ್ಟು 47 ನಿಮಿಷ. ಅದು ಕಾರ್ಖಾನೆಯೊಳಗೆ ಕಳೆದದ್ದು 31 ದಿನ. ಆ ಚೀಟಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದ ಮೇಲೆ ‘ಲೀಡ್ ಟೈಮ್’ (ಮಾಲು ಒಳಬಂದು ಹೊರಹೋಗುವವರೆಗಿನ ಒಟ್ಟು ಸಮಯ) ಎಂಬ ಪದವನ್ನು ಯಾರಿಗೂ ವಿವರಿಸಬೇಕಾಗಲಿಲ್ಲ.

ಬಳಿಕ ಸೀಮೆಸುಣ್ಣದಿಂದ ಒಂದು ಲೆಕ್ಕ ಬರೆದೆವು. ಫ್ಲೋರಿನಲ್ಲಿ ಅರ್ಧಕ್ಕೆ ನಿಂತಿರುವ ಬಿಡಿಭಾಗಗಳು ಸುಮಾರು 12,000. ದಿನಕ್ಕೆ ಹೊರಹೋಗುವುದು 400. ಆದ್ದರಿಂದ ಹೊಸದಾಗಿ ಒಳಬಂದ ಪೀಸ್ ಹೊರಬೀಳಲು ಸರಾಸರಿ 30 ದಿನ. ನಿಂತ ಮಾಲನ್ನು 4,000ಕ್ಕೆ ಇಳಿಸಿದರೆ, ಯಾರೂ ವೇಗ ಹೆಚ್ಚಿಸದೆಯೇ, ಅದು 10 ದಿನವಾಗುತ್ತದೆ. ಇದು ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ. ಬ್ಯಾಂಕಿನ ಸಾಲಿಗೂ ಆಸ್ಪತ್ರೆಯ ಸಾಲಿಗೂ ಅನ್ವಯಿಸುತ್ತದೆ. ಪೀಸಿಗೆ 250 ರೂಪಾಯಿಯಂತೆ ಹಿಡಿದರೆ ಉಳಿದ 8,000 ಪೀಸುಗಳಲ್ಲಿ 20 ಲಕ್ಷ ರೂಪಾಯಿ ಸಿಕ್ಕಿಕೊಂಡಿದೆ, ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ಅದು ತಿಂಗಳಿಗೆ 20,000 ರೂಪಾಯಿಯನ್ನು ತಿನ್ನುತ್ತಿದೆ ಎಂದು ತೋರಿಸಿದಾಗ, ಅಕೌಂಟ್ಸ್ ವಿಭಾಗದವರೂ ಹತ್ತಿರ ಬಂದು ನಿಂತರು.

ಆಗ ಹಿರಿಯ ಆಪರೇಟರ್ ಒಬ್ಬರು ಕೇಳಿದರು: “ಸರ್, ಹಂಗಾದ್ರೆ ದಿನಕ್ಕೆ ನಾಕ್ ಸಲ ಸೆಟ್ಟಿಂಗ್ ಮಾಡ್ಬೇಕು. ನಮ್ ಇನ್ಸೆಂಟಿವ್ ಗತಿ ಏನು?” ಇಂಥ ಪ್ರಶ್ನೆ ಬಂದಾಗ ವಿಷಯಾಂತರವಾಯಿತೆಂದು ಬೇಸರಪಡುವ ವ್ಯವಸ್ಥಾಪಕರನ್ನು ನಾನು ಕಂಡಿದ್ದೇನೆ. ಆದರೆ ನಮ್ಮ ಮಾತು ಅರ್ಥವಾಗಿದೆ ಎಂಬುದಕ್ಕೆ ಸಿಕ್ಕ ಮೊದಲ ಸಾಕ್ಷ್ಯ ಅದೇ ಆಗಿತ್ತು. ತೊಂಬತ್ತು ನಿಮಿಷದ ಸೆಟ್ಟಿಂಗನ್ನು ನಾಲ್ಕು ಸಲ ಮಾಡಿದರೆ ಆರು ಗಂಟೆ ಹೋಗುತ್ತದೆ. ಅದು 22 ನಿಮಿಷಕ್ಕೆ ಇಳಿದರೆ ಮಾತ್ರ ನಾಲ್ಕೂ ಸೇರಿ ಹಳೆಯ ಒಂದರಷ್ಟೇ ಆಗುತ್ತದೆ. ಹೀಗೆ 22 ಎಂಬ ಗುರಿ ಮೇಲಿನಿಂದ ಹೊರಿಸಿದ್ದಾಗದೆ, ಅವರ ಪ್ರಶ್ನೆಯಿಂದಲೇ ಹುಟ್ಟಿತು. ಜಪಾನಿನ ಟೊಯೋಟಾದಲ್ಲಿ 1969ರ ಸುಮಾರಿಗೆ ಉತ್ಪಾದನಾ ತಜ್ಞ ಶಿಗಿಯೊ ಶಿಂಗೊ ಅವರ ಮಾರ್ಗದರ್ಶನದಲ್ಲಿ ಸಾವಿರ ಟನ್ ಪ್ರೆಸ್ಸಿನ ಡೈ (ಅಚ್ಚು) ಬದಲಾವಣೆ ನಾಲ್ಕು ಗಂಟೆಯಿಂದ ಮೂರು ನಿಮಿಷಕ್ಕೆ ಇಳಿದದ್ದು ಇದೇ ದಾರಿಯಲ್ಲಿ: ಮಷೀನು ಓಡುತ್ತಿರುವಾಗಲೇ ಮಾಡಿಡಬಹುದಾದ ಕೆಲಸವನ್ನೆಲ್ಲ ಮೊದಲೇ ಮಾಡಿಡುವುದು. ನಮ್ಮಲ್ಲಿ ಅದು ಮುಂದಿನ ಜಾಬಿನ ಟೂಲು, ಪೀಸನ್ನು ಹಿಡಿದಿಡುವ ಜಾ ಮತ್ತು ಅಳತೆಯ ಗೇಜುಗಳನ್ನು ಜೋಡಿಸಿಟ್ಟ ಒಂದು ಟ್ರಾಲಿಯ ರೂಪ ಪಡೆಯಿತು.

ಇನ್ಸೆಂಟಿವ್ ಬಗ್ಗೆ ಮಾಲೀಕರು ಅಲ್ಲಿಯೇ ಉತ್ತರಿಸಿದರು. ಮೂರು ತಿಂಗಳು ಹಿಂದಿನ ಸರಾಸರಿ ಮೊತ್ತ ಖಾತರಿ. ಆಮೇಲೆ ಸಮಯಕ್ಕೆ ಸರಿಯಾಗಿ ಹೊರಟ ಆರ್ಡರುಗಳ ಆಧಾರದ ಮೇಲೆ ಲೆಕ್ಕ. ಈ ಉತ್ತರವಿಲ್ಲದೆ ಮೇಲಿನ ವಿವರಣೆಯೆಲ್ಲ ವ್ಯರ್ಥವಾಗುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಕೊನೆಗೆ “ಅರ್ಥವಾಯಿತೇ?” ಎಂದು ಕೇಳಲಿಲ್ಲ, ಆ ಪ್ರಶ್ನೆಗೆ ಎಲ್ಲ ಕಡೆಯೂ ಒಂದೇ ಉತ್ತರ ಬರುತ್ತದೆ. “ನಾಳೆ ಮೂರು ಗಂಟೆಗೆ ನಾಲ್ಕನೇ ಮಷೀನಿನಲ್ಲಿ 150 ಮುಗಿದಿದೆ, ಸೆಟ್ಟಿಂಗ್ ಚೆನ್ನಾಗಿದೆ, ಸರಳೂ ಇದೆ, ಮುಂದಿನ ಜಾಬ್ ಕಾಯುತ್ತಿದೆ. ಏನು ಮಾಡುತ್ತೀರಿ?” ಎಂದು ಕೇಳಿದೆವು. ಒಬ್ಬ ಸೂಪರ್‌ವೈಸರ್ “ಇನ್ನೊಂದೈವತ್ತು ಹೊಡೆದು ಬಿಡ್ತೀವಿ” ಎಂದರು. ಅಲ್ಲಿಂದ ಮತ್ತೆ ಅರ್ಧ ಗಂಟೆ ಚರ್ಚೆ ನಡೆಯಿತು.

ಒಂದು ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ ಹದಗೊಳಿಸುವುದು) ಮಾಡಿಕೊಡುವ ಹೊರಗಿನವರು ಕುಲುಮೆಯ ಲೋಡಿಗೆ ಇಷ್ಟೆಂದು ದರ ಹಾಕುವುದರಿಂದ ಅಲ್ಲಿಗೆ ಸಣ್ಣ ಲಾಟು ದುಬಾರಿ. ಅದನ್ನು ಮುಚ್ಚಿಡದೆ, “ಹೀಟ್ ಟ್ರೀಟ್‌ಮೆಂಟಿಗೆ ಸದ್ಯ 600, ದರ ಮಾತುಕತೆ ನಡೆಯುತ್ತಿದೆ” ಎಂದು ಬೋರ್ಡಿನ ಮೇಲೆಯೇ ಬರೆದೆವು.